ಗೋಡೆಯೊಳಗೆ ಅಡಗಿರುವ ನೀರು

ಅಮೆರಿಕಾದಲ್ಲಿ ನೆಲೆಸಿರುವ ಮಗನನ್ನೋ ಮಗಳನ್ನೋ ಕಂಡುಬಂದ ನಮ್ಮ ಹಿರಿಯರು ಒಂದು ಮಾತನ್ನು ಬೆರಗಿನಿಂದ ಹೇಳುವುದುಂಟು. ಅಲ್ಲಿನ ಮನೆಗಳು ಬಹುಮಟ್ಟಿಗೆ ಮರದ ಚೌಕಟ್ಟಿನವು; ಕಾರಿನ ಗ್ಯಾರೇಜೂ ಮನೆಗೇ ಅಂಟಿಕೊಂಡಿರುತ್ತದೆ. ಕಾರಿನಿಂದಿಳಿದು ಒಂದು ಬಾಗಿಲು ದಾಟಿದರಾಯಿತು, ಮನೆಯೊಳಗೇ ಕಾಲಿಟ್ಟಂತೆ! ಆದರೆ ಪೆಟ್ರೋಲು, ಬಣ್ಣದ ಡಬ್ಬಿ, ಬ್ಯಾಟರಿಗಳು ತುಂಬಿರುವ ಆ ಗ್ಯಾರೇಜಿನಲ್ಲಿ ನಡುರಾತ್ರಿ ಬೆಂಕಿ ಹತ್ತಿಕೊಂಡರೆ, ಒಳಗೆ ಮಲಗಿದವರ ಗತಿಯೇನು?

ಅಲ್ಲಿ ಕಾವಲು ನಿಲ್ಲುವುದು ಜಿಪ್ಸಮ್ ಹಲಗೆ. ಮುಟ್ಟಿದರೆ ಒಣಗಿದ ಸುಣ್ಣದಂತೆ ತೋರುವ ಈ ಜಿಪ್ಸಮ್ಮಿನ ತೂಕದಲ್ಲಿ ಶೇಕಡಾ 21ರಷ್ಟು ನೀರೇ ಇದೆ! ಅದು ಹರಳುಗಳಲ್ಲಿ ಸೆರೆಯಾಗಿರುವ ನೀರು. ಬೆಂಕಿಯ ಝಳ ತಾಗಿದೊಡನೆ ಅದು ಆವಿಯಾಗಿ ಹೊರಡುತ್ತದೆ. ಆ ನೀರು ತೀರುವವರೆಗೆ ಹಲಗೆಯ ಹಿಂಬದಿಯ ಶಾಖ ನೀರು ಕುದಿಯುವ ಮಟ್ಟವನ್ನು ಬಹಳವಾಗಿ ಮೀರದು. ಗೋಡೆ ಬೆಂಕಿಯನ್ನು ನಂದಿಸುವುದಿಲ್ಲ. ಮಲಗಿದವರು ಎದ್ದು, ಮಕ್ಕಳನ್ನೆತ್ತಿಕೊಂಡು ಹೊರಬೀಳಲು ಕೆಲವು ನಿಮಿಷಗಳನ್ನು ದಯಪಾಲಿಸುತ್ತದೆ, ಅಷ್ಟೆ.

ಅಲ್ಲಿನ ಮಾದರಿ ವಸತಿ ಸಂಹಿತೆಯ ಪ್ರಕಾರ, ಗ್ಯಾರೇಜಿನ ಕಡೆಯಿಂದ ಗೋಡೆಗೆ ಕನಿಷ್ಠ ½ ಅಂಗುಲದ ಜಿಪ್ಸಮ್ ಹಲಗೆಯಿರಬೇಕು. ಮೇಲೆ ವಾಸದ ಕೋಣೆಯಿದ್ದರೆ, ಚಾವಣಿಗೆ ಗಾಜಿನ ನೂಲು ಬೆರೆತ ‘ಟೈಪ್ ಎಕ್ಸ್’ ಹಲಗೆ, ⅝ ಅಂಗುಲದ್ದು. ನಡುವಣ ಬಾಗಿಲು 1⅜ ಅಂಗುಲ ದಪ್ಪದ ಗಟ್ಟಿಮರದ್ದೋ, ಅಷ್ಟೇ ದಪ್ಪದ ಉಕ್ಕಿನದೋ ಆಗಿರಬೇಕು. ಇಲ್ಲವೇ 20 ನಿಮಿಷ ಬೆಂಕಿ ತಡೆಯುವಂಥದಿರಬೇಕು. ಗ್ಯಾರೇಜಿನಿಂದ ನೇರವಾಗಿ ಮಲಗುವ ಕೋಣೆಗೆ ಬಾಗಿಲಿಡುವುದಂತೂ ನಿಷಿದ್ಧ.

ಇಷ್ಟೆಲ್ಲ ಏರ್ಪಾಡನ್ನೂ ಮಣ್ಣುಪಾಲು ಮಾಡಲು ಒಂದು ಸಣ್ಣ ರಂಧ್ರ ಸಾಕು. ತಂತಿ ಎಳೆಯಲು ಕೊರೆದು ಮುಚ್ಚದೆ ಬಿಟ್ಟ ತೂತು, ಅಟ್ಟಕ್ಕೇರಲು ಚಾವಣಿಯಲ್ಲಿ ಕತ್ತರಿಸಿದ ತೆಳುಹಲಗೆಯ ಕಿಂಡಿ, ಸಾಕುನಾಯಿಗೆಂದು ಬಾಗಿಲಲ್ಲಿ ತೆರೆದ ಪುಟ್ಟ ದ್ವಾರ: ಹೊಗೆಗೆ ಇವೇ ರಾಜಮಾರ್ಗ. ತೂತುಗಳನ್ನು ಬೆಂಕಿ ತಡೆಯುವ ಅಂಟಿನಿಂದ ಮುಚ್ಚಬೇಕು. ಹಲಗೆಗಳ ಸಂದುಗಳನ್ನು ಪಟ್ಟಿ ಹಚ್ಚಿ ಮೆತ್ತಬೇಕು. ಬಾಗಿಲಿಗೆ ತಾನೇ ಮುಚ್ಚಿಕೊಳ್ಳುವ ತಿರುಗಣಿ ಹಾಕಿಸಬೇಕು. ಖರ್ಚು ಹೆಚ್ಚಿಲ್ಲ, ಬೇಕಾದುದು ಎಚ್ಚರ.

ವಾಚಕರೇ, ಮುಂದಿನ ಸಲ ಮಕ್ಕಳ ಮನೆಗೆ ಹೋದಾಗ ಆ ಬಾಗಿಲ ಬಳಿ ಒಂದು ಗಳಿಗೆ ನಿಲ್ಲಿ. ಸಾಮಾನು ಸಾಗಿಸುವ ಅವಸರದಲ್ಲಿ ಯಾರೋ ಅದಕ್ಕೆ ಚಪ್ಪಲಿಯನ್ನು ಅಡ್ಡವಿಟ್ಟು ಮರೆತಿರಬಹುದು. ಅದನ್ನು ತೆಗೆದು ಬಾಗಿಲನ್ನು ಮುಚ್ಚಿಬಿಡಿ. ಮಕ್ಕಳಿಗೆ ನೀವು ಹೊತ್ತೊಯ್ದ ಉಪ್ಪಿನಕಾಯಿಗಿಂತ ಅದೇ ದೊಡ್ಡ ಉಡುಗೊರೆಯಾದೀತು.