ಗೋಡೆ ಮೊದಲೋ, ಒಲೆ ಮೊದಲೋ?

ಶೀತದೇಶಗಳಲ್ಲಿ ಹೊಸ ಮನೆಯನ್ನು ಕಟ್ಟಿಸಹೊರಟವರ ಮುಂದೆ ಎರಡು ಪ್ರಶ್ನೆಗಳು ಬಂದು ನಿಲ್ಲುತ್ತವೆ. ಗೋಡೆಗೆ ಯಾವ ವಸ್ತು? ಮನೆಯನ್ನು ಬೆಚ್ಚಗಿಡಲು ಯಾವ ಏರ್ಪಾಟು? ಮೊದಲನೆಯದನ್ನು ಮನೆ ಕಟ್ಟುವವರಿಗೂ ಎರಡನೆಯದನ್ನು ಯಂತ್ರ ಮಾರುವವರಿಗೂ ಬಿಟ್ಟುಬಿಡುವುದು ವಾಡಿಕೆ. ಆದರೆ ಭೌತಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇವು ಒಂದೇ ಪ್ರಶ್ನೆಯ ಎರಡು ಮುಖಗಳು. ಜರ್ಮನಿಯ ಮನೆಗಳಲ್ಲಿ ಸುಮಾರು ಅರ್ಧದಷ್ಟು ಅನಿಲದ ಕಾವನ್ನೇ ನಂಬಿದ್ದುವು. ೨೦೨೨ರಲ್ಲಿ ರಷ್ಯದಿಂದ ಕೊಳವೆಗಳ ಮೂಲಕ ಬರುತ್ತಿದ್ದ ಅನಿಲ ನಿಂತು ಬೆಲೆ ಏರಿದಾಗ, ಈ ಪ್ರಶ್ನೆ ವಿದ್ವಾಂಸರ ಚರ್ಚೆಯಿಂದ ಅಡುಗೆಮನೆಯ ಲೆಕ್ಕಕ್ಕೆ ಇಳಿಯಿತು.

ಹೊರಗೆ ಚಳಿ, ಒಳಗೆ ಬಿಸಿ ಇರುವ ಮನೆಯನ್ನು ತೂತು ಬಿದ್ದ ಕೊಡಕ್ಕೆ ಹೋಲಿಸಬಹುದು. ಸೋರಿದಷ್ಟನ್ನು ತುಂಬುತ್ತಿದ್ದರೆ ಮಾತ್ರ ನೀರಿನ ಮಟ್ಟ ನಿಲ್ಲುತ್ತದೆ. ಒಲೆಯ ಕೆಲಸ ತುಂಬುವುದು. ಗೋಡೆಯ ಕೆಲಸ ತೂತನ್ನು ಕಿರಿದು ಮಾಡುವುದು. ತೂತಿನ ಗಾತ್ರವನ್ನು ಅರಿಯದೆ ಎಷ್ಟು ದೊಡ್ಡ ಒಲೆ ಬೇಕೆಂದು ಹೇಳುವುದಾದರೂ ಹೇಗೆ?

ಈ ತೂತನ್ನು ಅಳೆಯುವ ಬಗೆ ಸುಲಭ. ಒಳಗಿಗೂ ಹೊರಗಿಗೂ ಒಂದು ಡಿಗ್ರಿ ವ್ಯತ್ಯಾಸವಿರುವಾಗ ಒಂದು ಚದರ ಮೀಟರ್ ಗೋಡೆಯಿಂದ ಎಷ್ಟು ವಾಟ್ ಉಷ್ಣ ಹೊರಹೋಗುವುದೋ ಅದೇ ಗೋಡೆಯ ಅಂಕ. ೨೪ ಸೆಂಟಿಮೀಟರ್ ದಪ್ಪದ ಸಾಮಾನ್ಯ ಇಟ್ಟಿಗೆಯ ಗೋಡೆಗೆ ಇದು ಸುಮಾರು ೨.೧. ಒಳಗೆ ೨೦ ಡಿಗ್ರಿ, ಹೊರಗೆ ಸೊನ್ನೆಗಿಂತ ೧೦ ಡಿಗ್ರಿ ಕೆಳಗೆ ಇರುವ ರಾತ್ರಿಯಲ್ಲಿ ಇಂತಹ ೧೦೦ ಚದರ ಮೀಟರ್ ಗೋಡೆ ೬,೩೦೦ ವಾಟ್ ಉಷ್ಣವನ್ನು ಬೀದಿಗೆ ಚೆಲ್ಲುತ್ತದೆ. ೩೬.೫ ಸೆಂಟಿಮೀಟರ್ ದಪ್ಪದ, ಉತ್ತಮ ದರ್ಜೆಯ ಗುಳ್ಳೆಕಾಂಕ್ರೀಟಿನ ಗೋಡೆಯಾದರೆ ನಷ್ಟ ಸುಮಾರು ೭೮೦ ವಾಟ್ ಮಾತ್ರ.

ಈ ಅಂತರದ ಗುಟ್ಟು ಗಾಳಿಯಲ್ಲಿದೆ. ಅಲುಗಾಡದ ಗಾಳಿ ಉಷ್ಣವನ್ನು ಬಲು ನಿಧಾನವಾಗಿ ಸಾಗಿಸುತ್ತದೆ. ಕಂಬಳಿ ಬೆಚ್ಚಗಿರುವುದು ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಗುಳ್ಳೆಕಾಂಕ್ರೀಟು, ಕಲ್ಲುನಾರು, ಪಾಲಿಸ್ಟೈರೀನ್ ನೊರೆ, ಮರದ ನಾರಿನ ಹಲಗೆ ಇವೆಲ್ಲವೂ ಗಾಳಿಯನ್ನು ಸೆರೆಹಿಡಿಯುವ ಉಪಾಯಗಳೇ. ಆದರೆ ಗಾಳಿ ಹೆಚ್ಚಿದಷ್ಟೂ ವಸ್ತುವಿನ ಬಲ ಕುಗ್ಗುತ್ತದೆ. ಆದಕಾರಣ ಭಾರ ಹೊರುವ ಕೆಲಸವನ್ನು ಒಂದು ವಸ್ತುವಿಗೂ ಉಷ್ಣವನ್ನು ತಡೆಯುವ ಕೆಲಸವನ್ನು ಇನ್ನೊಂದಕ್ಕೂ ಹಂಚುವುದು ಜಾಣತನ.

ಇದಕ್ಕೆ ಉತ್ತಮ ನಿದರ್ಶನ ಜರ್ಮನಿಯ ಡಾರ್ಮ್‌ಸ್ಟಾಟ್ ನಗರದ ಕ್ರಾನಿಷ್‌ಸ್ಟೈನ್ ಬಡಾವಣೆಯಲ್ಲಿದೆ. ಭೌತವಿಜ್ಞಾನಿ ವೋಲ್ಫ್‌ಗಾಂಗ್ ಫೈಸ್ಟ್ ಮತ್ತು ಸ್ವೀಡನ್ನಿನ ಬೋ ಆಡಮ್‌ಸನ್ ಇವರ ವಿಚಾರಗಳ ಫಲವಾಗಿ ೧೯೯೧ರಲ್ಲಿ ಅಲ್ಲಿ ಸಾಲಾಗಿ ನಾಲ್ಕು ಮನೆಗಳು ಎದ್ದುವು. ಒಳಗೆ ೧೭.೫ ಸೆಂಟಿಮೀಟರಿನ ಸುಣ್ಣ-ಮರಳಿನ ಇಟ್ಟಿಗೆ. ಅದರ ಹೊರಮೈಗೆ ೨೭.೫ ಸೆಂಟಿಮೀಟರಿನ ಪಾಲಿಸ್ಟೈರೀನ್ ಹೊದಿಕೆ. ಗೋಡೆಯ ಅಂಕ ೦.೧೪; ಮೇಲೆ ಹೇಳಿದ ಚಳಿಯ ರಾತ್ರಿಯಲ್ಲಿ ೧೦೦ ಚದರ ಮೀಟರಿಗೆ ನಷ್ಟ ೪೨೦ ವಾಟ್. ಹೊರಗಿನ ಹೊದಿಕೆ ಚಳಿಯನ್ನು ತಡೆಯುತ್ತದೆ. ಒಳಗಿನ ಭಾರವಾದ ಇಟ್ಟಿಗೆ ಹಗಲಿನ ಬಿಸಿಲನ್ನು ಹೀರಿಟ್ಟುಕೊಂಡು ಇರುಳಿಗೆ ಒದಗಿಸುತ್ತದೆ.

ಲಾಭ ಇಂಧನದ ಉಳಿತಾಯವೊಂದೇ ಅಲ್ಲ. ಅಂದಿನ ರಾತ್ರಿ ಬರಿಯ ಇಟ್ಟಿಗೆ ಗೋಡೆಯ ಒಳಮೈ ಸುಮಾರು ೧೨ ಡಿಗ್ರಿಗೆ ಇಳಿದಿರುತ್ತದೆ. ಮೂಲೆಗಳಲ್ಲಿ ಇನ್ನೂ ಕಡಿಮೆ. ಕೋಣೆಯ ಗಾಳಿಯಲ್ಲಿ ಸಾಧಾರಣವಾದ ತೇವವಿದ್ದರೂ ಅಂತಹ ಕಡೆ ಬೂಷ್ಟು ಹಿಡಿಯುತ್ತದೆ. ಮಕ್ಕಳ ಎದೆಗೆ ಅದು ಹಿತವಲ್ಲ. ಡಾರ್ಮ್‌ಸ್ಟಾಟಿನ ಗೋಡೆಯ ಒಳಮೈ ಅದೇ ರಾತ್ರಿ ೧೯ ಡಿಗ್ರಿಗೂ ಮೇಲಿರುತ್ತದೆ.

ಹಾಗಾದರೆ ಹೊದಿಕೆಯನ್ನು ದಪ್ಪಮಾಡುತ್ತಲೇ ಹೋಗಬಹುದೇ? ಇಲ್ಲ. ಬರಿಯ ಇಟ್ಟಿಗೆ ಗೋಡೆಗೆ ಹೊದಿಸಿದ ಮೊದಲ ೧೦ ಸೆಂಟಿಮೀಟರ್ ಒಂದು ಚದರ ಮೀಟರಿನ ನಷ್ಟವನ್ನು ೬೩ ವಾಟಿನಿಂದ ೧೦ಕ್ಕೆ ಇಳಿಸುತ್ತದೆ. ಎರಡನೆಯ ೧೦ ಸೆಂಟಿಮೀಟರ್ ಅದನ್ನು ಐದೂವರೆಗೆ ಇಳಿಸುತ್ತದೆ. ಅಂದರೆ ಉಳಿಯುವುದು ನಾಲ್ಕೂವರೆ ವಾಟ್ ಮಾತ್ರ. ಅಷ್ಟರೊಳಗೆ ನಾವು ಕಿಟಕಿಗಳ ಕಡೆಗೂ ಸಂದುಗಳ ಕಡೆಗೂ ತಿರುಗಬೇಕು. ಅದಕ್ಕಾಗಿಯೇ ಡಾರ್ಮ್‌ಸ್ಟಾಟಿನಲ್ಲಿ ಮೂರು ಪದರದ ಗಾಜನ್ನು ಕೂಡಿಸಿದರು. ಸಂದುಗೊಂದುಗಳನ್ನು ಬಿಗಿಯಾಗಿ ಮುಚ್ಚಿದರು. ಹೊರಹೋಗುವ ಹಳೆಯ ಗಾಳಿ ತನ್ನ ಬಿಸಿಯನ್ನು ಒಳಬರುವ ಹೊಸ ಗಾಳಿಗೆ ಒಪ್ಪಿಸಿ ಹೋಗುವಂತೆ ಉಷ್ಣವಿನಿಮಯ ಯಂತ್ರವನ್ನಿಟ್ಟರು. ಬಿಗಿಯಾದ ಮನೆಗೆ ಇಂತಹ ವಾಯುಸಂಚಾರದ ಏರ್ಪಾಟು ಅತ್ಯಗತ್ಯ. ಇಲ್ಲದಿದ್ದರೆ ತೇವವೂ ಕೆಟ್ಟ ಗಾಳಿಯೂ ಒಳಗೇ ಉಳಿದಾವು.

ಇನ್ನು ಒಲೆಯ ಮಾತು. ಇಂತಹ ಮನೆಗಳಿಗೆಂದು ಅನಂತರ ರೂಪುಗೊಂಡ 'ಪಾಸಿವ್ ಹೌಸ್' ಮಾನದಂಡದಲ್ಲಿ ಕಡುಚಳಿಯಲ್ಲಿ ಬೇಕಾಗುವ ಕಾವು ಚದರ ಮೀಟರಿಗೆ ೧೦ ವಾಟಿನಷ್ಟು. ೧೫೬ ಚದರ ಮೀಟರಿನ ಮನೆಗೆ ಒಟ್ಟು ೧,೫೬೦ ವಾಟ್. ನಮ್ಮ ಬಚ್ಚಲಮನೆಯ ಗೀಸರು ಇದಕ್ಕಿಂತ ಹೆಚ್ಚನ್ನು ಬಳಸುತ್ತದೆಂದರೆ ವಾಚಕರಿಗೆ ಅಚ್ಚರಿಯಾದೀತು! ಇಡೀ ವರ್ಷಕ್ಕೆ ಚದರ ಮೀಟರಿಗೆ ಬೇಕಾಗುವುದು ಹೆಚ್ಚೆಂದರೆ ೧೫ ಕಿಲೋವಾಟ್-ಗಂಟೆ. ಒಂದೂವರೆ ಲೀಟರ್ ಎಣ್ಣೆಯ ಕಾವಿಗೆ ಇದು ಸಮ.

ಉಷ್ಣಪಂಪು ಇಲ್ಲಿ ನೆರವಿಗೆ ಬರುತ್ತದೆ. ಅದು ಉಷ್ಣವನ್ನು ಉತ್ಪಾದಿಸುವ ಯಂತ್ರವಲ್ಲ; ಹೊರಗಿನ ತಣ್ಣನೆಯ ಗಾಳಿಯಿಂದಲೋ ನೆಲದಿಂದಲೋ ಉಷ್ಣವನ್ನು ಎತ್ತಿ ಒಳಕ್ಕೆ ಸಾಗಿಸುವ ಯಂತ್ರ. ಎತ್ತರ ಕಡಿಮೆಯಾದಷ್ಟೂ ಬಾವಿಯಿಂದ ನೀರು ಸೇದುವ ಶ್ರಮ ಕಡಿಮೆಯಲ್ಲವೇ? ಹಾಗೆಯೇ ಇದೂ. ಹೊರಗೆ ಸೊನ್ನೆ ಡಿಗ್ರಿ ಇರುವಾಗ ನೆಲದಡಿಯ ಕೊಳವೆಗಳಿಗೆ ೩೫ ಡಿಗ್ರಿಯ ನೀರನ್ನು ಒದಗಿಸುವುದಾದರೆ, ಕಾರ್ನೋ ನಿಯಮದ ಪ್ರಕಾರ ಒಂದು ಪಾಲು ವಿದ್ಯುತ್ತಿಗೆ ಗರಿಷ್ಠ ೮.೮ ಪಾಲು ಉಷ್ಣ ದೊರೆಯಬಹುದು. ೬೦ ಡಿಗ್ರಿಯ ನೀರು ಬೇಕೆಂದರೆ ೫.೫ ಪಾಲು ಮಾತ್ರ. ನಿಜವಾದ ಯಂತ್ರಗಳು ಇದರ ಅರ್ಧದ ಆಸುಪಾಸಿನಲ್ಲಿ ನಿಲ್ಲುತ್ತವೆ. ನಷ್ಟ ಕಡಿಮೆಯಿರುವ ಮನೆಗೆ ಉಗುರುಬೆಚ್ಚನೆಯ ನೀರೇ ಸಾಕು. ಸೋರುವ ಮನೆಗೆ ಕುದಿಯ ಸಮೀಪದ ನೀರೂ ಸಾಲದೆ ಹೋಗಬಹುದು. ಒಳ್ಳೆಯ ಗೋಡೆ ಹೀಗೆ ಎರಡು ಬಾರಿ ಲಾಭ ಕೊಡುತ್ತದೆ: ಬೇಕಾದ ಉಷ್ಣವನ್ನು ಕಡಿಮೆಮಾಡುತ್ತದೆ, ಆ ಉಷ್ಣವನ್ನು ಅಗ್ಗವಾಗಿಯೂ ಮಾಡುತ್ತದೆ.

ಒಲೆಯನ್ನು ಇಪ್ಪತ್ತು ವರ್ಷಕ್ಕೊಮ್ಮೆ ಬದಲಾಯಿಸಬಹುದು. ಗೋಡೆಯಾದರೋ ಮೊಮ್ಮಕ್ಕಳ ಕಾಲಕ್ಕೂ ನಿಲ್ಲುವಂಥದು. ಡಾರ್ಮ್‌ಸ್ಟಾಟಿನ ಮನೆಗಳನ್ನು ಕಾಲು ಶತಮಾನದ ಮೇಲೆ ಪರೀಕ್ಷಿಸಿದಾಗಲೂ ಹೊದಿಕೆ ಸುಸ್ಥಿತಿಯಲ್ಲಿತ್ತು, ಕಾವಿನ ಖರ್ಚು ಮೊದಲಿನಂತೆಯೇ ಅತ್ಯಲ್ಪವಾಗಿತ್ತು. ಆದುದರಿಂದ ಕೈಯಲ್ಲಿರುವ ಹಣವನ್ನು ಮೊದಲು ಗೋಡೆ, ಮಾಡು, ಕಿಟಕಿಗಳಿಗೆ ವಿನಿಯೋಗಿಸಿ, ನಷ್ಟವನ್ನು ಲೆಕ್ಕಹಾಕಿ, ಅದಕ್ಕೆ ತಕ್ಕಷ್ಟೇ ಚಿಕ್ಕ ಒಲೆಯನ್ನು ಆರಿಸುವುದು ಲೇಸು. ಇಂಧನದ ಬೆಲೆ ನಾಳೆ ಏನಾಗುವುದೋ ಯಾರೂ ಬಲ್ಲವರಲ್ಲ. ಸುಡಬೇಕಾಗಿಯೇ ಬರದ ಇಂಧನಕ್ಕೆ ಮಾತ್ರ ಯಾವ ಕಾಲದಲ್ಲಿಯೂ ಬೆಲೆ ಕೊಡಬೇಕಾಗಿಲ್ಲ.