ಅಪ್ಪನ ಅಂಕಪಟ್ಟಿ ತನ್ನಿ

ಮಗುವನ್ನು ಶಾಲೆಗೆ ಸೇರಿಸಲು ಹೋದರೆ ಎಲ್ಲೆಡೆ ಕೇಳುವುದು ಮಗುವಿನ ಜನನ ಪ್ರಮಾಣಪತ್ರ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಇಂಗ್ಲಿಷ್ ಸರ್ಕಾರಿ ಶಾಲೆಯಲ್ಲಿ ಅದು ಸಾಲದು. ಅಪ್ಪನೋ ಅಮ್ಮನೋ ಪ್ರಾಥಮಿಕ ಶಾಲೆ ಓದಿದ್ದಕ್ಕೂ ದಾಖಲೆ ಬೇಕು. ಇಬ್ಬರಲ್ಲೊಬ್ಬರು ಕೆನಡಾದ ಪ್ರಜೆಯಾಗಿರಬೇಕು, ಪ್ರಾಥಮಿಕ ಶಿಕ್ಷಣದ ಬಹುಪಾಲನ್ನು ಆ ದೇಶದಲ್ಲೇ ಇಂಗ್ಲಿಷಿನಲ್ಲಿ ಮುಗಿಸಿರಬೇಕು. ಆಗ ಮಗುವಿಗೆ ಅರ್ಹತಾ ಪತ್ರ. ಕೆಲವು ವಿನಾಯಿತಿಗಳನ್ನು ಬಿಟ್ಟರೆ ಉಳಿದವರಿಗೆಲ್ಲ ಫ್ರೆಂಚ್ ಶಾಲೆಯೇ ಗತಿ. ಬೆಂಗಳೂರಿನಲ್ಲಿ ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ, ಮಾಂಟ್ರಿಯಲ್‌ನಲ್ಲಿ ಕಾಯಂ ಆಗಿ ನೆಲೆಸಿದ ಕನ್ನಡ ದಂಪತಿಯ ಇಂಗ್ಲಿಷ್ ಅಲ್ಲಿ ಲೆಕ್ಕಕ್ಕಿಲ್ಲ.

ಈ ಪತ್ರಕ್ಕೆ ಪಿತ್ರಾರ್ಜಿತ ಜಮೀನಿನ ಪಹಣಿಯ ಗತ್ತಿದೆ. ಮಗುವನ್ನು ಫ್ರೆಂಚ್ ಶಾಲೆಗೇ ಕಳಿಸುವವರೂ ಪತ್ರವೊಂದನ್ನು ಮಾಡಿಸಿ ಬೀರುವಿನಲ್ಲಿಡುತ್ತಾರೆ. ಇಲ್ಲದಿದ್ದರೆ ಮೊಮ್ಮಕ್ಕಳ ಕಾಲಕ್ಕೆ ಹಕ್ಕು ಕೈತಪ್ಪೀತು!

ಇದಕ್ಕೆಲ್ಲ ಮೂಲ 1977ರ ಫ್ರೆಂಚ್ ಭಾಷಾ ಸನ್ನದು. ಜನರ ಬಾಯಲ್ಲಿ ಅದು '101ನೇ ಮಸೂದೆ'. ರೆನೆ ಲೆವೆಕ್ ಸರ್ಕಾರದಲ್ಲಿ ಅದನ್ನು ರೂಪಿಸಿದ ಸಚಿವ ಕಮೀಯ್ ಲೊರಾಂ ವೃತ್ತಿಯಲ್ಲಿ ಮನೋವೈದ್ಯ. ಅದಕ್ಕೂ ಮೊದಲು ಇಟಲಿ, ಗ್ರೀಸ್‌ಗಳಿಂದ ವಲಸೆ ಬಂದವರು ಮಕ್ಕಳನ್ನು ಹೆಚ್ಚಾಗಿ ಇಂಗ್ಲಿಷ್ ಶಾಲೆಗೇ ಹಾಕುತ್ತಿದ್ದರು. ಅಲ್ಲಿನ ಫ್ರೆಂಚ್ ಭಾಷಿಕರ ಮನೆಗಳಲ್ಲಿ ಹೆರಿಗೆ ಕಡಿಮೆಯಾಗುತ್ತಿತ್ತು. ಹೀಗೇ ಬಿಟ್ಟರೆ ನಮ್ಮ ನೆಲದಲ್ಲೇ ನಮ್ಮ ನುಡಿ ಮೂಲೆಗುಂಪಾಗುತ್ತದೆ ಎಂಬ ಆ ಭಯವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. 1970ರ ದಶಕದ ಆರಂಭದಲ್ಲಿ ಇಂಗ್ಲಿಷ್ ಶಾಲೆಗಳಲ್ಲಿ ಸುಮಾರು 2.5 ಲಕ್ಷ ಮಕ್ಕಳಿದ್ದರು. ಈಗ ಇರುವುದು 1 ಲಕ್ಷದ ಆಸುಪಾಸು.

ಆದರೆ ಈ ಶಾಲೆಗಳ ಕಥೆಯೆಂದರೆ ಬರೀ ಮಕ್ಕಳ ತಲೆ ಎಣಿಸುವುದಲ್ಲ. ನನಗೆ ಅದರಲ್ಲಿ ತುಂಬ ಇಷ್ಟವಾಗುವ ಅಧ್ಯಾಯ ಕಾನೂನಿಗೂ 12 ವರ್ಷ ಹಿಂದಿನದು. ಮಾಂಟ್ರಿಯಲ್‌ನಿಂದ ನದಿ ದಾಟಿದರೆ ಸೇಂಟ್ ಲ್ಯಾಂಬರ್ಟ್. ಅಲ್ಲಿನ ಇಂಗ್ಲಿಷ್ ಮಕ್ಕಳು ವರ್ಷಗಟ್ಟಲೆ ಫ್ರೆಂಚ್ ಪಾಠ ಓದಿಯೂ ಅಕ್ಕಪಕ್ಕದವರ ಜೊತೆ ನಾಲ್ಕು ಮಾತಾಡಲು ತಡವರಿಸುತ್ತಿದ್ದರು. ಓಲ್ಗಾ ಮೆಲಿಕಾಫ್, ಮ್ಯೂರಿಯಲ್ ಪಾರ್ಕ್ಸ್, ವ್ಯಾಲರಿ ನೀಲ್ ಎಂಬ ಮೂವರು ತಾಯಂದಿರು ಮುಂದೆ ನಿಂತು, ಹಿಂಜರಿಯುತ್ತಿದ್ದ ಶಾಲಾ ಮಂಡಳಿಯ ಬೆನ್ನುಹತ್ತಿದರು. 1965ರ ಸೆಪ್ಟೆಂಬರ್‌ನಲ್ಲಿ ಶಿಶುವಿಹಾರದ ಒಂದು ತರಗತಿ ಶುರುವಾಯಿತು. ಮಕ್ಕಳೆಲ್ಲ ಇಂಗ್ಲಿಷ್ ಮನೆಯವರು, ಟೀಚರ್ ಆಡುವುದು ಬರೀ ಫ್ರೆಂಚ್. ಮಕ್ಕಳು ಎರಡೂ ಭಾಷೆಯಲ್ಲಿ ಮುಗ್ಗರಿಸುತ್ತಾರೆ ಎಂದು ಹಲವರು ಹೆದರಿದ್ದರು. ಮೆಕ್‌ಗಿಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ವಾಲೇಸ್ ಲ್ಯಾಂಬರ್ಟ್ ವರ್ಷವರ್ಷವೂ ಆ ಮಕ್ಕಳನ್ನು ಪರೀಕ್ಷಿಸಿ ನೋಡಿದರು: ಇಂಗ್ಲಿಷ್ ಕೆಡಲಿಲ್ಲ, ಫ್ರೆಂಚ್ ಬಂತು. 'ಇಮ್ಮರ್ಶನ್' ಎಂಬ ಈ ಪದ್ಧತಿ, ಅಂದರೆ ಭಾಷೆಯಲ್ಲೇ ಮಕ್ಕಳನ್ನು ಮುಳುಗಿಸುವುದು, ಅಲ್ಲಿಂದ ಇಡೀ ಕೆನಡಾಕ್ಕೆ ಹಬ್ಬಿತು. ಇಂದು ಕ್ವಿಬೆಕ್‌ನ ಎಷ್ಟೋ 'ಇಂಗ್ಲಿಷ್' ಶಾಲೆಗಳ ಕೆಳತರಗತಿಗಳಲ್ಲಿ ಪಾಠದ ಬಹುಭಾಗ ನಡೆಯುವುದು ಫ್ರೆಂಚಿನಲ್ಲಿ. ಹೆಸರಷ್ಟೇ ಇಂಗ್ಲಿಷ್ ಎಂದು ಹೊರಗಿನವರಿಗೆ ಅನ್ನಿಸಬಹುದು.

ಈ ಶಾಲೆಗಳನ್ನು ನಡೆಸುವ ಮಂಡಳಿಗಳು 1998ರವರೆಗೆ ಕ್ಯಾಥಲಿಕ್, ಪ್ರಾಟೆಸ್ಟಂಟ್ ಎಂದು ಧರ್ಮದ ಮೇಲೆ ಒಡೆದಿದ್ದವು. ಆಮೇಲೆ ಭಾಷೆಯ ಮೇಲೆ ಒಡೆದು, ಇಂಗ್ಲಿಷಿಗೆ 9 ಮಂಡಳಿಗಳು ಸಿಕ್ಕವು. 2020ರಲ್ಲಿ ಸರ್ಕಾರ ಚುನಾಯಿತ ಮಂಡಳಿಗಳನ್ನೇ ರದ್ದು ಮಾಡಹೊರಟಾಗ ಇಂಗ್ಲಿಷಿನವರು ಕೋರ್ಟ್ ಮೆಟ್ಟಿಲೇರಿ ತಡೆ ತಂದರು.

ಈ 9ರಲ್ಲಿ ಈಸ್ಟರ್ನ್ ಶೋರ್ಸ್ ಮಂಡಳಿಯ ಶಾಲೆಗಳು ಗ್ಯಾಸ್ಪೆ ಕರಾವಳಿಯಿಂದ ಹಿಡಿದು ಸಮುದ್ರದ ನಡುವಿನ ಮ್ಯಾಗ್ಡಲೆನ್ ದ್ವೀಪಗಳವರೆಗೆ ಚದುರಿವೆ. ಅದರ ಕೇಂದ್ರ ಕಚೇರಿ ಇರುವುದು ನ್ಯೂ ಕಾರ್ಲೈಲ್ ಎಂಬ ಪುಟ್ಟ ಊರಿನಲ್ಲಿ. 101ನೇ ಮಸೂದೆ ತಂದ ಸರ್ಕಾರದ ಮುಖ್ಯಸ್ಥ ರೆನೆ ಲೆವೆಕ್, ಇಂಗ್ಲಿಷಿನವರೇ ಹೆಚ್ಚಿದ್ದ ಆ ಊರಿನಲ್ಲಿ ಆಡಿ ಬೆಳೆದ ಹುಡುಗ.