ಸೆಕೆಂಡ್ ಹ್ಯಾಂಡ್ ಬೈಕ್: ಕೀ ಕೈಗೆ ಬಂದ ಮಾತ್ರಕ್ಕೆ ಗಾಡಿ ನಿಮ್ಮದಾಗಲ್ಲ

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ)

ಇವತ್ತು ಸೆಕೆಂಡ್ ಹ್ಯಾಂಡ್ ಬೈಕ್ ತಗೊಳ್ಳೋರಿಗೆ ಒಂದಿಷ್ಟು ಮಾಹಿತಿ. ಡೀಲರ್ ಅಂಗಡಿಯಿಂದ ಕೊಳ್ಳೋದಲ್ಲ, ನೇರವಾಗಿ ಮಾಲೀಕರ ಮನೆ ಬಾಗಿಲಿಗೆ ಹೋಗಿ ಕೊಳ್ಳೋ ಗಾಡಿ. ಮಧ್ಯದಲ್ಲಿ ಬ್ರೋಕರ್ ಇರಲ್ಲ, ಕಮಿಷನ್ ಇರಲ್ಲ, ಹಾಗಾಗಿ ನಾಲ್ಕು ಕಾಸು ಉಳಿಯುತ್ತೆ. ಆದರೆ ಅಲ್ಲಿ ಗ್ಯಾರಂಟಿಯೂ ಇರಲ್ಲ. ದುಡ್ಡು ಕೊಟ್ಟು ಗೇಟು ದಾಟಿದ ಮೇಲೆ ಏನೇ ಬಂದರೂ ನಿಮ್ಮ ತಲೆಗೇ.

ಸಾಮಾನ್ಯವಾಗಿ ನಾವು ಎಂಜಿನ್ ಸದ್ದು ಕೇಳ್ತೀವಿ, ಮೈಲೇಜ್ ಕೇಳ್ತೀವಿ, ರೇಟು ಇಳಿಸ್ತೀವಿ. ಕಾಗದದ ವಿಷಯ ಬಂದಾಗ ಮಾತ್ರ 'ಆಮೇಲೆ ನೋಡ್ಕೊಂಡ್ರಾಯ್ತು' ಅಂತೀವಿ. ನಾನು ಹೇಳೋದು ಇದರ ಉಲ್ಟಾ. ಎಂಜಿನ್ ಕೆಟ್ಟರೆ ಮೆಕ್ಯಾನಿಕ್ ಸರಿ ಮಾಡ್ತಾನೆ. ಕಾಗದ ಕೆಟ್ಟಿದ್ದರೆ ಸರಿ ಮಾಡೋಕೆ ಮಾಲೀಕರೇ ಬೇಕು, ಅವರು ಅಷ್ಟೊತ್ತಿಗೆ ಎಲ್ಲಿರ್ತಾರೋ ಗೊತ್ತಿಲ್ಲ. ಅದಕ್ಕೇ ಮೊದಲು ಕಾಗದ, ಆಮೇಲೆ ಗಾಡಿ, ಕೊನೆಗೆ ದುಡ್ಡು.

ಮನೆಯಲ್ಲೇ ಕೂತು ನೋಡಬಹುದಾದ್ದು

ಗಾಡಿ ನೋಡೋಕೆ ಹೋಗೋ ಮುಂಚೆ ರಿಜಿಸ್ಟ್ರೇಷನ್ ನಂಬರ್ ಕೇಳಿ. ಕೊಡೋಕೆ ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ. ನಂಬರನ್ನ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಮಾಡೆಲ್, ಯಾವ ಆರ್‌ಟಿಒ, ಯಾವತ್ತು ನೋಂದಣಿ ಆಗಿದೆ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ ಅನ್ನೋದು ಗೊತ್ತಾಗುತ್ತೆ. ಮಾಲೀಕರ ಹೆಸರಿನ ಕೆಲವು ಅಕ್ಷರ ಮಾತ್ರ ಕಾಣುತ್ತೆ, ಆದರೂ ಮಾರೋರ ಹೆಸರಿಗೆ ತಾಳೆ ಹಾಕೋಕೆ ಅಷ್ಟು ಸಾಕು.

ನೋಂದಣಿ ದಿನಾಂಕ ಗಮನವಿಟ್ಟು ನೋಡಿ. ಬೈಕಿನ ಆರ್‌ಸಿಗೆ ಆಯಸ್ಸು 15 ವರ್ಷ. 2011ರ ಗಾಡಿ ಅಂದರೆ 2026ಕ್ಕೆ ಮರುನೋಂದಣಿ ಮಾಡಿಸಬೇಕು, ಅದು 5 ವರ್ಷಕ್ಕೆ ಸಿಗುತ್ತೆ. ಕಡಿಮೆ ರೇಟಿಗೆ ಸಿಕ್ತಿದೆ ಅಂದರೆ ಅನೇಕ ಸಲ ಇದೇ ಕಾರಣ ಇರುತ್ತೆ. ಆ ಖರ್ಚು, ಆ ಓಡಾಟ ಎರಡನ್ನೂ ಲೆಕ್ಕಕ್ಕೆ ಸೇರಿಸಿ.

ಆಮೇಲೆ ದಂಡ. ಸಿಗ್ನಲ್ ಜಂಪ್, ಹೆಲ್ಮೆಟ್ ಇಲ್ಲ, ಒನ್ ವೇ ಅಂತ ಕ್ಯಾಮೆರಾ ಹಿಡಿದಿದ್ದೆಲ್ಲಾ ಗಾಡಿ ನಂಬರ್ ಮೇಲೇ ಕೂತಿರುತ್ತೆ. ಬೆಂಗಳೂರಿನ ಗಾಡಿಯಾದರೆ ಇದನ್ನ ನೋಡದೆ ಮುಂದೆ ಹೋಗಲೇಬೇಡಿ. ಬಾಕಿ ಇದ್ದರೆ ಮಾಲೀಕರೇ ಕಟ್ಟಿ ರಸೀದಿ ತೋರಿಸಲಿ. ಗಾಡಿ ಕಳವು ಪ್ರಕರಣದಲ್ಲಿ ಇದೆಯಾ ಅನ್ನೋದನ್ನ ಎನ್‌ಸಿಆರ್‌ಬಿಯ ಡಿಜಿಟಲ್ ಪೊಲೀಸ್ ಪೋರ್ಟಲ್‌ನಲ್ಲಿ ನೋಡೋಕೆ ಅವಕಾಶ ಇದೆ.

ಆರ್‌ಸಿಯಲ್ಲಿ ಯಾರ ಹೆಸರಿದೆ?

ಇನ್ನು ಗಾಡಿ ಹತ್ತಿರ ಹೋದಾಗ. ಮಾರೋರ ಗುರುತಿನ ಚೀಟಿಯಲ್ಲಿರೋ ಹೆಸರು, ಆರ್‌ಸಿಯಲ್ಲಿರೋ ಹೆಸರು ಒಂದೇನಾ ನೋಡಿ. ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಆರ್‌ಸಿ ಜೊತೆ ಅಕ್ಷರ ಅಕ್ಷರ ತಾಳೆ ಹಾಕಿ. ಚಾಸಿ ನಂಬರ್ ಸಾಮಾನ್ಯವಾಗಿ ಹ್ಯಾಂಡಲ್ ಕೆಳಗೆ ಚಾಸಿ ಮೇಲೇ ಕೊರೆದಿರುತ್ತೆ, 17 ಅಕ್ಷರ-ಅಂಕಿ. ಉಜ್ಜಿದ ಗುರುತು, ಮೇಲೆ ಹೊಸ ಪೇಂಟ್ ಕಂಡರೆ ವಾಪಸ್ ಬನ್ನಿ.

'ಗಾಡಿ ನಮ್ಮಪ್ಪಂದು ಸಾರ್, ಅವರು ತೀರ್ಕೊಂಡ್ರು' ಅಂದರೆ? ಸುಳ್ಳು ಇರಬೇಕು ಅಂತೇನಿಲ್ಲ. ಆದರೆ ಮೊದಲು ಅದು ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕೆ ಫಾರ್ಮ್ 31. ಆಮೇಲೆ ನಿಮಗೆ. ತೀರಿಕೊಂಡವರು ನಿಮಗೆ ಸಹಿ ಹಾಕಿಕೊಡೋಕಾಗಲ್ಲ ಅಲ್ವಾ.

'ನಾನೂ ಇನ್ನೊಬ್ಬರ ಹತ್ರ ತಗೊಂಡಿದ್ದು, ಹೆಸರು ಚೇಂಜ್ ಮಾಡ್ಸಿಲ್ಲ' ಅನ್ನೋರು ಇನ್ನೂ ಜಾಸ್ತಿ. ಇಲ್ಲಿ ಮಾರ್ತಿರೋರು ದಾಖಲೆ ಪ್ರಕಾರ ಮಾಲೀಕರೇ ಅಲ್ಲ. ಆರ್‌ಸಿಯಲ್ಲಿ ಹೆಸರಿರೋರು ಬಂದು ಸಹಿ ಹಾಕಿದರೆ ಮಾತ್ರ ಮುಂದುವರಿಯಿರಿ.

ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಹೆಸರಿದ್ದರೆ ಸಾಲದ ಗಾಡಿ. 'ಇಎಂಐ ಎಲ್ಲಾ ಮುಗೀತು' ಅನ್ನೋ ಮಾತು ಸಾಲಲ್ಲ. ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ಎರಡೂ ಬೇಕು. ಬೇರೆ ರಾಜ್ಯದ ಗಾಡಿ ಆದರೆ ಫಾರ್ಮ್ 28ರ ಎನ್‌ಒಸಿ ತರಬೇಕು, ಕರ್ನಾಟಕದಲ್ಲಿ ತೆರಿಗೆಯನ್ನೂ ಕಟ್ಟಬೇಕು. ಹೊಸೂರಿನಿಂದ ಅಗ್ಗಕ್ಕೆ ತಂದ ಗಾಡಿ ಇದನ್ನೆಲ್ಲಾ ಸೇರಿಸಿದಾಗ ಅಗ್ಗ ಅನ್ನಿಸದೇ ಹೋಗಬಹುದು.

ಗಾಡಿ ತಾನೇ ಹೇಳೋ ಕಥೆ

ಬೆಳಗಿನ ಹೊತ್ತು ಹೋಗಿ, ಬೆಳಕಲ್ಲಿ ನೋಡಿ. 'ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ' ಅಂತ ಮೊದಲೇ ಹೇಳಿ. ಬಿಸಿ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗುತ್ತೆ, ಕಾಯಿಲೆ ಇದ್ದರೆ ತಣ್ಣಗಿದ್ದಾಗಲೇ ತೋರಿಸೋದು. ಚಳಿಯಲ್ಲಿ ಸ್ವಲ್ಪ ಬಿಳಿ ಆವಿ ಬಂದು ನಿಂತರೆ ತೊಂದರೆ ಇಲ್ಲ. ಆಕ್ಸಿಲರೇಟರ್ ಕೊಟ್ಟಾಗ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡ್ತಿದೆ ಅಂತ, ಅದು ದೊಡ್ಡ ಖರ್ಚು.

ಕಿಲೋಮೀಟರ್ ಮೀಟರನ್ನ ಕಣ್ಣು ಮುಚ್ಚಿ ನಂಬಬೇಡಿ, ಅದನ್ನ ತಿರುಗಿಸಬಹುದು. ಫುಟ್‌ರೆಸ್ಟ್ ರಬ್ಬರ್, ಬ್ರೇಕ್ ಪೆಡಲ್, ಹ್ಯಾಂಡಲ್ ಗ್ರಿಪ್ ನೋಡಿ. ಮೀಟರ್ 12,000 ಅಂತಿದ್ದು ರಬ್ಬರ್ ಸವೆದು ನುಣ್ಣಗಾಗಿದ್ದರೆ ಯಾವುದೋ ಒಂದು ಸುಳ್ಳು ಹೇಳ್ತಿದೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದ ಟೈರ್. ಕಡಿಮೆ ಓಡಿದೆ ಅನ್ನೋ ಗಾಡಿಗೆ ಆಗಲೇ ಟೈರ್ ಬದಲಾಗಿದ್ದರೆ ಯಾಕೆ ಅಂತ ಕೇಳಿ.

ಡಬಲ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿಸಿ, ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿ. ಮಧ್ಯದಲ್ಲಿ ಟಕ್ ಅಂತ ಹಿಡಿದರೆ ಕೋನ್ ಸೆಟ್ ಹೋಗಿದೆ. ಮುಂದಿನ ಫೋರ್ಕ್ ಪೈಪ್ ಮೇಲೆ ಬೆರಳಾಡಿಸಿ. ಎಣ್ಣೆ ಹತ್ತಿದರೆ ಆಯಿಲ್ ಸೀಲ್ ಹೋಗಿದೆ. ಚೈನ್‌ನ ಹಿಂದಿನ ಸ್ಪ್ರಾಕೆಟ್ ಮೇಲಿಂದ ಎಳೆದು ನೋಡಿ. ಹಲ್ಲು ಅರ್ಧ ಕಾಣುವಷ್ಟು ಎದ್ದರೆ ಪೂರ್ತಿ ಸೆಟ್ ಬದಲಿಸಬೇಕು. ಇವೆಲ್ಲಾ ಬೇಡ ಅನ್ನೋ ಕಾರಣಗಳಲ್ಲ, ರೇಟು ಇಳಿಸೋ ಕಾರಣಗಳು. ಆದರೆ ಗಾಡಿ ಓಡಿಸುವಾಗ ಒಂದು ಕಡೆ ಎಳೀತಿದ್ದರೆ, ಹಿಂದಿನಿಂದ ನೋಡಿದಾಗ ಎರಡೂ ಚಕ್ರ ಒಂದೇ ಗೆರೆಯಲ್ಲಿ ಇಲ್ಲದಿದ್ದರೆ, ಬಿದ್ದು ಚಾಸಿ ಸೊಟ್ಟಗಾಗಿರಬಹುದು. ಅಂಥದ್ದು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ನಿಮಗೆ ಇದೆಲ್ಲಾ ಗೊತ್ತಾಗಲ್ಲ ಅಂದರೆ ಪರಿಚಯದ ಮೆಕ್ಯಾನಿಕ್‌ನ ಕರ್ಕೊಂಡು ಹೋಗಿ. ಅರ್ಧ ದಿನದ ಕೂಲಿ ಕೊಟ್ಟರೂ ನಷ್ಟ ಇಲ್ಲ.

ದುಡ್ಡು ಯಾವಾಗ, ಯಾರಿಗೆ?

ಗಾಡಿ ಕಣ್ಣಲ್ಲಿ ನೋಡೋ ಮುಂಚೆ ಒಂದು ರೂಪಾಯಿಯನ್ನೂ ಹಾಕಬೇಡಿ. 'ನಾನು ಸೇನೆಯಲ್ಲಿದ್ದೀನಿ, ಟ್ರಾನ್ಸ್‌ಫರ್ ಆಗಿದೆ, ಗಾಡೀನ ಪಾರ್ಸೆಲ್‌ನಲ್ಲಿ ಕಳಿಸ್ತೀನಿ, ಸಾಗಣೆ ಚಾರ್ಜ್ ಹಾಕಿ' ಅನ್ನೋದು ಹಳೇ ವಂಚನೆ. ಸಮವಸ್ತ್ರದ ಫೋಟೊ, ಐಡಿ ಕಾರ್ಡ್ ಎಲ್ಲಾ ಕಳಿಸ್ತಾರೆ. ಗಾಡಿ ಮಾತ್ರ ಬರಲ್ಲ.

ವ್ಯಾಪಾರ ಕುದುರಿದರೆ ಸಣ್ಣ ಮೊತ್ತದ ಟೋಕನ್ ಕೊಡಿ. ಬಾಕಿ ದುಡ್ಡು ಫಾರ್ಮ್ 29, ಫಾರ್ಮ್ 30ಕ್ಕೆ ಸಹಿ ಬಿದ್ದ ಮೇಲೆ, ಆರ್‌ಸಿಯಲ್ಲಿ ಹೆಸರಿರೋರ ಖಾತೆಗೇ ಹಾಕಿ. ಅಳಿಯನ ನಂಬರ್, ಸ್ನೇಹಿತನ ಕ್ಯೂಆರ್ ಕೋಡ್ ಅಂದರೆ ಒಪ್ಪಬೇಡಿ. ಡೆಲಿವರಿ ನೋಟ್ ಬರೆಸಿ: ಗಾಡಿ ನಂಬರ್, ಮೊತ್ತ, ದಿನಾಂಕ, ಜೊತೆಗೆ ಕೊಟ್ಟ ಹೊತ್ತು. ಹೊತ್ತು ಯಾಕೆ ಅಂದರೆ ಬೆಳಗ್ಗೆ ಬಿದ್ದ ದಂಡ ಯಾರದ್ದು, ಸಂಜೆಯದ್ದು ಯಾರದ್ದು ಅಂತ ಜಗಳ ಆಗಬಾರದು.

ಹೆಸರು ಬದಲಾಗದಿದ್ದರೆ ಏನಾಗುತ್ತೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 50ರ ಪ್ರಕಾರ ಒಂದೇ ರಾಜ್ಯದೊಳಗೆ ಮಾರಿದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಅರ್ಜಿಯನ್ನ ಪರಿವಾಹನ್ ಪೋರ್ಟಲ್‌ನಲ್ಲೇ ಹಾಕಬಹುದು. 'ಖಾಲಿ ಫಾರ್ಮ್‌ಗೆ ಸಹಿ ಹಾಕಿದೀನಿ, ನೀವೇ ಯಾವಾಗಾದ್ರೂ ಮಾಡ್ಸ್ಕೊಳ್ಳಿ' ಅನ್ನೋದು ನಮ್ಮಲ್ಲಿ ಮಾಮೂಲು. ಅದು ಇಬ್ಬರಿಗೂ ಅಪಾಯ.

2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಂದು ಪ್ರಕರಣ ಬಂತು. ಕಾರೊಂದು ಕೈಯಿಂದ ಕೈಗೆ ಮಾರಾಟ ಆಗಿತ್ತು, ಆದರೆ ಆರ್‌ಸಿಯಲ್ಲಿ ಮೊದಲಿನವರ ಹೆಸರೇ ಉಳಿದಿತ್ತು. 2009ರಲ್ಲಿ ಅಪಘಾತ ಆಗಿ ಒಂದು ಜೀವ ಹೋಯಿತು, ಇನ್ಶೂರೆನ್ಸ್ ಇರಲಿಲ್ಲ. ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿದ್ದ ಮಾಲೀಕರ ಮೇಲೇ ಬಿತ್ತು. ಗಾಡಿ ಅವರ ಕೈಬಿಟ್ಟು ವರ್ಷಗಳೇ ಆಗಿದ್ದವು. ಮಾರೋರು 'ಆಮೇಲೆ ಮಾಡ್ಸೋಣ' ಅಂದರೆ ಈ ವಿಷಯ ಹೇಳಿ, ಅವರೇ ನಿಮ್ಮ ಜೊತೆ ಬರ್ತಾರೆ.

ಕೊಂಡವರಿಗೂ ನಷ್ಟ ಇದೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಗಾಡಿ ಜೊತೆಗೇ ಬರುತ್ತೆ, 14 ದಿನದೊಳಗೆ ಕಂಪನಿಗೆ ತಿಳಿಸಿ ಹೆಸರು ಬದಲಿಸಬೇಕು. ಆದರೆ ನಿಮ್ಮದೇ ಗಾಡಿ ಕಳುವಾದರೆ, ಜಖಂ ಆದರೆ ಸಿಗೋ ಪರಿಹಾರ ಪಾಲಿಸಿ ನಿಮ್ಮ ಹೆಸರಿಗೆ ಆಗದೆ ಸಿಗೋದು ಕಷ್ಟ. '5 ವರ್ಷದ ಇನ್ಶೂರೆನ್ಸ್ ಇದೆ ಸಾರ್' ಅಂದರೆ ಪಾಲಿಸಿ ತೆರೆದು ನೋಡಿ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ 5 ವರ್ಷ ಕಡ್ಡಾಯ ಆಗಿರೋದು ಥರ್ಡ್ ಪಾರ್ಟಿ ಮಾತ್ರ. ಮಾರಿದವರ ನೋ ಕ್ಲೇಮ್ ಬೋನಸ್ಸೂ ನಿಮಗೆ ಬರಲ್ಲ, ಅದು ಗಾಡಿಗಲ್ಲ, ವ್ಯಕ್ತಿಗೆ ಸೇರಿದ್ದು.

ನಮ್ಮಲ್ಲಿ ಎಷ್ಟೋ ಜನಕ್ಕೆ ಬೈಕ್ ಅಂದರೆ ಶೋಕಿ ಅಲ್ಲ. ಡೆಲಿವರಿ ಕೆಲಸ, ಫ್ಯಾಕ್ಟರಿ ಶಿಫ್ಟು, ಮಗಳನ್ನ ಕಾಲೇಜಿಗೆ ಬಿಡೋದು, ಎಲ್ಲಾ ಅದರ ಮೇಲೇ ನಡೆಯುತ್ತೆ. ಚೀಟಿ ಎತ್ತಿ ತಗೊಂಡ ಗಾಡಿ ಪೊಲೀಸ್ ಠಾಣೆ ಮುಂದೆ ತುಕ್ಕು ಹಿಡಿಯಬಾರದು. ಒಂದು ವಾರ ತಡವಾದರೂ ಪರವಾಗಿಲ್ಲ, ಹೊಸ ಆರ್‌ಸಿಯಲ್ಲಿ ನಿಮ್ಮ ಹೆಸರು ಬರೋವರೆಗೂ ಮಾರಿದವರ ಫೋನ್ ನಂಬರ್ ಡಿಲೀಟ್ ಮಾಡಬೇಡಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಹೆಲ್ಮೆಟ್ ಹಾಕ್ಕೊಂಡು ಓಡಿಸಿ.